ಎಂಟನೆಯ ತರಗತಿಯ ಸನ್ನೆ ಪಾಠ

ಮನೆಯಲ್ಲಿಟ್ಟ ವಸ್ತು ಇಟ್ಟ ಜಾಗದಲ್ಲಿ ಇಲ್ಲದಿದ್ದರೆ ಲೋಕದ ಜನ ಸಾಮಾನ್ಯವಾಗಿ ಎರಡು ಕಾರಣ ಊಹಿಸುತ್ತಾರೆ. ಒಂದೋ ಕಳ್ಳ ಒಯ್ದಿರಬೇಕು, ಇಲ್ಲವೇ ನೆರೆಮನೆಯವರು ಕೇಳಿ ಒಯ್ದು ಮರೆತಿರಬೇಕು. ಕಳ್ಳನಾದರೆ ಪೊಲೀಸರಿದ್ದಾರೆ. ನೆರೆಯವರಾದರೆ ನಾವೂ ಅವರ ಮನೆಯಿಂದ ಏನಾದರೊಂದನ್ನು ತಂದು ಮರೆತುಬಿಟ್ಟು ಲೆಕ್ಕ ಸರಿಮಾಡಿಕೊಳ್ಳಬಹುದು. ನಮ್ಮ ಮನೆಯಲ್ಲಿ ಮಾತ್ರ ಇವೆರಡೂ ಅಲ್ಲದ ಮೂರನೆಯ ದಾರಿಯೊಂದಿತ್ತು. ಅದರ ಹೆಸರು ಎಂಟನೆಯ ತರಗತಿ. ಬೆಳಿಗ್ಗೆ ಕಾಫಿ ಸೋಸುವ ಬಟ್ಟೆ ಕಾಣದಿದ್ದರೆ ಅದು ಎಂಟನೆಯ ತರಗತಿಯಲ್ಲಿ ಗದ್ದೆಯ ಕೆಸರುನೀರನ್ನು ಸೋಸುತ್ತಿದೆ ಎಂದು ತಿಳಿಯಬೇಕು. ಒಲೆಯ ಪಕ್ಕದ ಊದುಕೊಳವೆ ಮಾಯವಾದರೆ ಅದರ ಒಂದು ತುದಿಗೆ ಹುಡುಗನೊಬ್ಬನ ಬಾಯಿ, ಇನ್ನೊಂದು ತುದಿಗೆ ಮತ್ತೊಬ್ಬನ ಕಿವಿ ಅಂಟಿಕೊಂಡು ಶಬ್ದದ ಪಾಠ ನಡೆಯುತ್ತಿದೆ ಎಂದು ಅರ್ಥ. ಇವನ್ನೆಲ್ಲ ಹಾಡುಹಗಲೇ ಹೊತ್ತೊಯ್ಯುತ್ತಿದ್ದವಳು ನನ್ನ ಹೆಂಡತಿ ವಸಂತಿ. ಅವಳು ಆ ತರಗತಿಯ ವಿಜ್ಞಾನದ ಟೀಚರು. ನಾನು ಅದೇ ಶಾಲೆಯಲ್ಲಿ ಕನ್ನಡ ಪಂಡಿತ. ಹಾಗಾಗಿ ಮನೆಯಲ್ಲಿ ಕಳೆದುಕೊಂಡದ್ದನ್ನು ನಾನು ಶಾಲೆಯಲ್ಲಿ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಅದು ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸು ದಾರಿಯಲ್ಲಿ ನೀರು ಕುಡಿಯಲು ನಿಲ್ಲುತ್ತಿದ್ದ ಸಣ್ಣ ಪೇಟೆಯೊಂದರಲ್ಲಿ ನಮ್ಮ ಶಾಲೆ. ನೀರು ಕುಡಿಯುತ್ತಿದ್ದದ್ದು ಬಸ್ಸಿನ ಎಂಜಿನ್ನು. ಜನ ಇಳಿದು ಚಹಾ ಕುಡಿಯುತ್ತಿದ್ದರು. ಶಾಲೆಗೆ ಹಂಚಿನ ಮಾಡು ಇತ್ತು, ಮಕ್ಕಳಿದ್ದರು, ಹೆಡ್‌ಮಾಷ್ಟ್ರ ಕೋಣೆಯಲ್ಲಿ ಒಂದು ಗಾಜಿನ ಬೀರು ಇತ್ತು. ಆ ಬೀರುವೇ ನಮ್ಮ ಪ್ರಯೋಗಶಾಲೆ. ಅದರೊಳಗೆ ಒಂದು ಅಯಸ್ಕಾಂತ, ಬೆಳಕನ್ನು ಬಣ್ಣವಾಗಿ ಒಡೆಯುವ ಒಂದು ಗಾಜಿನ ಪಟ್ಟಕ, ಪಾದರಸ ಎಂದೋ ಹೊರಟುಹೋದ ಒಂದು ಉಷ್ಣಮಾಪಕ. ಬೀರುವಿನ ಬೀಗದ ಕೈ ಹೆಡ್‌ಮಾಷ್ಟ್ರ ಜನಿವಾರದಲ್ಲಿ ತೂಗುತ್ತಿತ್ತು. ಯಾರಾದರೂ ದೊಡ್ಡವರು ಬಂದಾಗ ಅವರು ಬೀಗ ತೆಗೆಯದೆ ಗಾಜಿನ ಹೊರಗಿನಿಂದಲೇ ಬೆರಳು ತೋರಿಸಿ, "ಇದು ಅಯಸ್ಕಾಂತ, ಇದು ಪಟ್ಟಕ" ಎಂದು ಪರಿಚಯಿಸುತ್ತಿದ್ದರು. ಬಂದವರು ಭಕ್ತಿಯಿಂದ ನೋಡಿ ಹೋಗುತ್ತಿದ್ದರು. ಒಳ್ಳೆಯ ಮನುಷ್ಯ, ಯಾರಿಗೂ ಕೇಡು ಬಯಸಿದವರಲ್ಲ. ಸಾಮಾನು ಉಪಯೋಗಿಸಿದರೆ ಹಾಳಾಗುತ್ತದೆ ಎಂಬುದು ಅವರ ವೈಜ್ಞಾನಿಕ ಸಿದ್ಧಾಂತವಾಗಿತ್ತು, ಅಷ್ಟೇ.

ವಸಂತಿ ಬಂದ ಮೊದಲ ವಾರವೇ ಬೀಗದ ಕೈ ಕೇಳಿದಳು. "ನೋಡುವ, ಮುಂದಿನ ವಾರ ನೋಡುವ" ಎಂದರು ಹೆಡ್‌ಮಾಷ್ಟ್ರು. ಮುಂದಿನ ವಾರ ಅವಳು ಬೀಗದ ಕೈ ಕೇಳಲಿಲ್ಲ, ನಮ್ಮ ಅಡುಗೆಮನೆಯನ್ನೇ ಶಾಲೆಗೆ ಸಾಗಿಸಲು ಶುರುಮಾಡಿದಳು. ಅವಳ ಮಟ್ಟಿಗೆ ವಿಜ್ಞಾನವೆಂಬುದು ಪುಸ್ತಕದಲ್ಲಿ ಓದುವ ವಿಷಯವಲ್ಲ, ನಮ್ಮ ಹಿತ್ತಿಲಲ್ಲಿ, ಬಾವಿಕಟ್ಟೆಯಲ್ಲಿ, ಒಲೆಯ ಮೇಲೆ ದಿನವೂ ನಡೆಯುವ ಸಂಗತಿ. ಪುಸ್ತಕ ಅದನ್ನು ನೋಡಿ ಬರೆದುಕೊಂಡದ್ದು. "ನೀವು ಹೇಳುವ ಛಂದಸ್ಸಿನ ಹಾಗೇ" ಎಂದು ನನಗೆ ಬುದ್ಧಿ ಹೇಳಿದಳು. "ಮೊದಲು ಜನ ಹಾಡಿದ್ದಾರೆ, ಆಮೇಲೆ ಪಂಡಿತರು ಬಂದು ಗಣ ಲೆಕ್ಕ ಹಾಕಿದ್ದಾರೆ." ಪಂಡಿತರ ಪರವಾಗಿ ವಾದಿಸಬಹುದಿತ್ತು ಎನ್ನಿ, ಆದರೆ ಊಟಕ್ಕೆ ಕೂತಿದ್ದೆ.

ಅವಳ ಪಾಠಗಳಿಂದ ನನಗಾದ ನಷ್ಟ ಹೇಳಿ ಮುಗಿಯುವುದಿಲ್ಲ. ಒಮ್ಮೆ ನನ್ನ ಬಿಳಿಯ ಪಂಚೆಗೆ ಅರಸಿನ ತಾಗಿತ್ತು. ಒಗೆಯಲೆಂದು ಸಾಬೂನು ಹಚ್ಚಿದರೆ ಹಳದಿ ಹೋಗಿ ಕೆಂಪು ಕಾಣಿಸಿಕೊಂಡಿತು. ನಾನು ಗಾಬರಿಯಾಗಿ ಕೂಗಿದೆ. ವಸಂತಿ ಓಡಿ ಬಂದವಳು ಗಾಬರಿಯಾಗುವ ಬದಲು ಕಣ್ಣರಳಿಸಿದಳು. "ಒಗೆಯಬೇಡಿ, ಹಾಗೇ ಇರಲಿ, ನಾಳೆ ಬೇಕು" ಎಂದಳು. ಮರುದಿನ ನನ್ನ ಪಂಚೆ ಎಂಟನೆಯ ತರಗತಿಯ ಗೋಡೆಯ ಮೇಲೆ ಭೂಪಟದ ಜಾಗದಲ್ಲಿ ತೂಗುತ್ತಿತ್ತು. ಮಕ್ಕಳು ಒಂದು ಬದಿಗೆ ಸುಣ್ಣದ ನೀರು, ಒಂದು ಬದಿಗೆ ಲಿಂಬೆಯ ಹುಳಿ ಹಚ್ಚಿ ಕೆಂಪು ಮಾಡಿ, ಹಳದಿ ಮಾಡಿ, ಮತ್ತೆ ಕೆಂಪು ಮಾಡಿ ಆಮ್ಲ ಯಾವುದು ಕ್ಷಾರ ಯಾವುದು ಎಂದು ಕಂಡುಹಿಡಿಯುತ್ತಿದ್ದರು. ಮುಂದಿನ ಪೀರಿಯಡು ನನ್ನದು. ನಾನು ಹಳಗನ್ನಡದ ವ್ಯಾಕರಣ ಹೇಳುತ್ತಿದ್ದಷ್ಟು ಹೊತ್ತೂ ಹುಡುಗರು ನನ್ನ ಮುಖ ನೋಡುವುದು ಬಿಟ್ಟು ನನ್ನ ಪಂಚೆಯನ್ನೇ ನೋಡುತ್ತಿದ್ದರು. ಆಮೇಲೆ ನಾನು ಅದನ್ನು ಉಡಲಿಲ್ಲ.

ಇನ್ನೊಮ್ಮೆ ತನ್ನ ತವರು ಮೂಡಬಿದಿರೆಗೆ ಮಕ್ಕಳನ್ನು ಬಸ್ಸು ಹತ್ತಿಸಿದಳು. ಜೊತೆಗೆ ನಾನು. ಬಸದಿಯ ಎದುರು ನಿಂತು ಅದರ ಕಂಬ, ಕೆತ್ತನೆ, ಶಾಸನ ಎಂದು ಭಾಷಣ ಮಾಡಬೇಕೆಂದು ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡು ಬಂದಿದ್ದೆ. ಅಲ್ಲಿ ಇಳಿದರೆ ಮಕ್ಕಳು ನನ್ನ ಹತ್ತಿರ ನಿಲ್ಲಲೇ ಇಲ್ಲ. ಬಸದಿಯ ಎದುರಿನ ಮಾನಸ್ತಂಭದ ನೆರಳನ್ನು ಹಗ್ಗದಿಂದ ಅಳೆದು, ಒಂದು ಕೋಲು ನೆಟ್ಟು ಅದರ ನೆರಳನ್ನೂ ಅಳೆದು, ಹತ್ತದೆಯೇ ಆ ಕಂಬದ ಎತ್ತರ ಹೇಳಿಬಿಟ್ಟರು. ಎತ್ತರ ಸಿಕ್ಕಿದಾಗ ಅವರು ಹಾಕಿದ ಬೊಬ್ಬೆ ಕೇಳಿ ಹತ್ತಿರದಲ್ಲಿದ್ದ ಮುದುಕರೊಬ್ಬರು, "ಎಂತ, ಏನಾದ್ರೂ ನಿಧಿ ಸಿಕ್ಕಿತಾ?" ಎಂದು ನನ್ನನ್ನು ಕೇಳಿದರು. ಸಿಕ್ಕಿದ್ದು ನಿಧಿಯೇ ಎಂದು ನನಗೂ ಅನಿಸಿತು. ನನ್ನ ಕನ್ನಡ ತರಗತಿಯಲ್ಲಿ ಇಷ್ಟು ವರ್ಷಗಳಲ್ಲಿ ಯಾರೂ ಯಾವ ಸಮಾಸ ಸಿಕ್ಕಿದ್ದಕ್ಕೂ ಬೊಬ್ಬೆ ಹಾಕಿದ್ದಿಲ್ಲ. ಹೊಟ್ಟೆಕಿಚ್ಚು ಆಯಿತೇ ಎಂದು ಕೇಳಬೇಡಿ. ಆಯಿತು. ಆದರೆ ಅದಕ್ಕಿಂತ ಹೆಚ್ಚಾಗಿ ಅವಳ ಬಗ್ಗೆ ಹೆಮ್ಮೆಯಾಯಿತು.

ಆ ತರಗತಿಯಲ್ಲಿ ಕುಸುಮ ಎಂಬ ಹುಡುಗಿಯೊಬ್ಬಳಿದ್ದಳು. ತೆಳ್ಳಗಿನ ಮೈ, ಎರಡು ಜಡೆ, ಬಾಯಿ ಬಿಟ್ಟರೆ "ಯಾಕೆ?" ಎಂಬ ಒಂದೇ ಪ್ರಶ್ನೆ. ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತಿಗೆ ಅಡುಗೆಸೋಡ ಹಾಕಿದರೆ ಬಣ್ಣ ಬದಲಾಗುತ್ತದೆ ಎಂದು ವಸಂತಿ ತೋರಿಸಿದರೆ ಉಳಿದ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಇವಳು, "ಟೀಚರ್, ಅದು ಬಣ್ಣ ಬದಲಾಗ್ತದೆ ಸರಿ. ಆದರೆ ಮೊದಲಿನ ಬಣ್ಣ ಎಲ್ಲಿಗೆ ಹೋಯ್ತು?" ಎಂದು ಕೇಳುತ್ತಿದ್ದಳು. ವಸಂತಿ ಆ ದಿನ ಮನೆಗೆ ಬಂದು ಅನ್ನ ಸೀಯಿಸಿದಳು. ಮೊದಲಿನ ಬಣ್ಣ ಎಲ್ಲಿಗೆ ಹೋಯಿತು ಎಂದು ಯೋಚಿಸುತ್ತಿದ್ದಳಂತೆ. ಕುಸುಮ ಆ ಊರಿನ ದೂಮಣ್ಣ ಶೆಟ್ಟರ ತಂಗಿಯ ಮಗಳು. ಅವರದು ಅಳಿಯಕಟ್ಟಿನ ಮನೆ. ಅಲ್ಲಿ ಹುಡುಗಿಯ ಅಪ್ಪನಿಗಿಂತ ಸೋದರಮಾವನ ಮಾತೇ ನಡೆಯುವುದು. ಆ ಮನೆಯಲ್ಲಿ ಐದನೆಯ ತರಗತಿ ದಾಟಿದ ಹುಡುಗಿ ಇವಳೊಬ್ಬಳೇ. ದೂಮಣ್ಣ ಶೆಟ್ಟರು ಅರೆಮನಸ್ಸಿನಿಂದ ಒಪ್ಪಿದ್ದರು. ಅವರು ಕಳುಹಿಸಿದ್ದಾರೆಂದು ಸುತ್ತಿನ ನಾಲ್ಕು ಮನೆಯವರೂ ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸುತ್ತಿದ್ದರು. ಅವರು ಬಿಡಿಸಿದರೆ ಇವರೂ ಬಿಡಿಸುತ್ತಾರೆ ಎಂಬುದರಲ್ಲಿ ಯಾರಿಗೂ ಸಂಶಯ ಇರಲಿಲ್ಲ.

ಹೀಗಿರುವಾಗ ಹೊಸ ಪಾಠಪುಸ್ತಕ ಬಂತು. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಘಟ್ಟದ ಮೇಲಿನಿಂದ ಹೊಸ ಹೊಸ ಮಾತುಗಳು ಇಳಿಯುತ್ತಿದ್ದವು. ಮನೆಯಲ್ಲಿ ತುಳು ಮಾತಾಡುವ ನಮ್ಮ ಮಕ್ಕಳಿಗೆ ಕನ್ನಡವೆಂದರೆ ಮೊದಲೇ ಇಸ್ತ್ರಿ ಹಾಕಿದ ಅಂಗಿ, ಶಾಲೆಗೆ ಬರುವಾಗ ಹಾಕಿಕೊಂಡು ಮನೆಗೆ ಹೋಗಿ ಬಿಚ್ಚಿಡುವಂಥದು. ಹೊಸ ಪುಸ್ತಕದಲ್ಲಿ ಒಂದು ಪಾಠದ ಹೆಸರು 'ಸನ್ನೆಗಳು'. ಭಾರ ಎತ್ತಲು ಕೋಲನ್ನೋ ಹಾರೆಯನ್ನೋ ಒಂದು ಕಲ್ಲಿನ ಮೇಲೆ ಆನಿಸಿ ಮೀಟುತ್ತೇವಲ್ಲ, ಆ ಮೀಟುಗೋಲಿಗೆ ಪುಸ್ತಕದವರು ಕೊಟ್ಟ ಹೆಸರು ಅದು. ಅಡಿಗೆ ಕೊಟ್ಟ ಆಧಾರ, ಎತ್ತಬೇಕಾದ ಭಾರ, ಹಾಕುವ ಬಲ, ಈ ಮೂರರಲ್ಲಿ ನಡುವೆ ಯಾವುದು ಬರುತ್ತದೆ ಎಂಬುದನ್ನು ನೋಡಿ ಸನ್ನೆಯಲ್ಲಿ ಮೂರು ವರ್ಗ. ಮಾತು ಶುದ್ಧ ಕನ್ನಡವೇ. ತೊಂದರೆ ಏನೆಂದರೆ, ನಮ್ಮ ಕಡೆ ಸನ್ನೆ ಎಂದರೆ ಕಣ್ಣಿನಿಂದಲೋ ಕೈಯಿಂದಲೋ ಮಾಡುವ ಸನ್ನೆ. ಬೇರೊಂದು ಸನ್ನೆ ಲೋಕದಲ್ಲಿ ಉಂಟೆಂದು ಯಾರೂ ಕೇಳಿರಲಿಲ್ಲ.

ವಸಂತಿಗೆ ಪಾಠಕ್ಕೆ ಮೊದಲು ಮಕ್ಕಳಿಗೆ ಮನೆಯಲ್ಲಿ ಏನಾದರೊಂದನ್ನು ನೋಡಿಕೊಂಡು ಬರಲು ಹೇಳುವ ಅಭ್ಯಾಸ. ಆ ದಿನ ಗಂಟೆ ಹೊಡೆಯುವ ಹೊತ್ತಿಗೆ ಅವಸರದಲ್ಲಿ, "ನಾಳೆ ಸನ್ನೆ ಪಾಠ. ಅದರಲ್ಲಿ ಮೂರು ವರ್ಗ ಉಂಟು. ನಿಮ್ಮ ನಿಮ್ಮ ಮನೆಯಲ್ಲಿ ಸನ್ನೆ ಎಲ್ಲೆಲ್ಲಿ ಉಂಟು, ಯಾರು ಉಪಯೋಗಿಸ್ತಾರೆ, ಸರಿಯಾಗಿ ನೋಡಿಕೊಂಡು ಬನ್ನಿ" ಎಂದಳು. ಮಕ್ಕಳು ಎಂದೂ ಇಲ್ಲದ ಉತ್ಸಾಹದಿಂದ ಮನೆಗೆ ಓಡಿದರು.

ಮರುದಿನ ಅವರು ತಂದ ವರದಿಗಳನ್ನು ನಾನು ಪಕ್ಕದ ತರಗತಿಯಿಂದ ತಟ್ಟಿಯ ಗೋಡೆಯ ಮೂಲಕ ನನ್ನ ಕಿವಿಯಿಂದಲೇ ಕೇಳಿದ್ದೇನೆ. ಮೊದಲು ಎದ್ದ ಹುಡುಗ, "ನಮ್ಮ ಮನೆಯಲ್ಲಿ ನೆಂಟರು ಊಟಕ್ಕೆ ಕೂತಾಗ ಅಮ್ಮ ಅಪ್ಪನಿಗೆ ಬಾಗಿಲ ಹಿಂದಿನಿಂದ ಸನ್ನೆ ಮಾಡ್ತಾರೆ, ಟೀಚರ್. ಮೀನು ಮುಗಿದಿದೆ, ನೀವು ಬೇಡ ಹೇಳಿ ಅಂತ" ಎಂದ. ಇನ್ನೊಬ್ಬ, "ನಮ್ಮ ಅಜ್ಜಿಗೆ ಕಿವಿ ಕೇಳುವುದಿಲ್ಲ, ಅವರಿಗೆ ಎಲ್ಲ ವರ್ಗವೂ ಬೇಕು" ಎಂದ. ಮತ್ತೊಬ್ಬಳು ತನ್ನ ಅಣ್ಣ ಬಾವಿಕಟ್ಟೆಯ ಕಡೆಗೆ ನೋಡಿ ಏನೋ ಮಾಡುತ್ತಾನೆ, ಅದು ಯಾವ ವರ್ಗವೆಂದು ತನಗೆ ಗೊತ್ತಾಗಲಿಲ್ಲ ಎಂದಳು. ವಸಂತಿ ನಗು ತಡೆಯಲಾರದೆ ಕುರ್ಚಿಯಲ್ಲಿ ಕೂತದ್ದು ಕೇಳಿಸಿತು. ಆಮೇಲೆ ಅವಳ ನಗು ನಿಂತದ್ದೂ ಕೇಳಿಸಿತು. "ಕುಸುಮ ಎಲ್ಲಿ?" ಎಂದಳು. ಅವಳ ನೆರೆಮನೆಯ ಹುಡುಗಿ ಮೆಲ್ಲಗೆ, "ಅವಳು ಇನ್ನು ಬರುವುದಿಲ್ಲ ಟೀಚರ್. 'ನಮ್ಮ ಮನೆಯಲ್ಲಿ ಯಾರು ಸನ್ನೆ ಮಾಡ್ತಾರೆ?' ಅಂತ ಅವಳು ಮಾವನನ್ನು ಕೇಳಿದಳಂತೆ" ಎಂದಳು.

ಸ್ವಲ್ಪ ಹೊತ್ತಿನಲ್ಲಿ ದೂಮಣ್ಣ ಶೆಟ್ಟರೇ ಬಂದರು. ಅಗಲ ಎದೆ, ಹೆಗಲಿಗೆ ಜರಿಯಂಚಿನ ಶಾಲು, ಬಾಯಿ ತುಂಬ ಎಲೆಯಡಿಕೆ. ಹಿಂದೆ ತಲೆ ತಗ್ಗಿಸಿಕೊಂಡು ಕುಸುಮ. ಹೆಡ್‌ಮಾಷ್ಟ್ರು ನನಗೂ ವಸಂತಿಗೂ ಹೇಳಿಕಳುಹಿಸಿದರು. ಶೆಟ್ಟರು ಕೂರಲಿಲ್ಲ. "ಹುಡುಗಿಯ ಟೀಸಿ ಕೊಡಿ ಹೆಡ್‌ಮಾಷ್ಟ್ರೇ" ಎಂದರು. "ಓದುಬರಹ ಕಲಿಯಲಿ ಅಂತ ಕಳಿಸಿದ್ದು ನಾವು. ಇಲ್ಲಿ ಸನ್ನೆ ಮಾಡ್ಲಿಕ್ಕೆ ಕಲಿಸ್ತಾರಂತೆ. ಅದೂ ಗಂಡುಮಕ್ಕಳ ಒಟ್ಟಿಗೆ." ವಸಂತಿ, "ಅದು ಹಾಗಲ್ಲ ಶೆಟ್ರೇ" ಎಂದು ಶುರುಮಾಡಿದಳು. ಶೆಟ್ಟರು ಕೈ ಎತ್ತಿದರು. "ನೀವು ಸುಮ್ಮನಿರಿ ಟೀಚರ್. ನನಗೆ ಪಂಡಿತರು ಹೇಳಲಿ. ಪಂಡಿತರೇ, ನೀವು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ನಿಮ್ಮ ಅರ್ಥ ಕೇಳ್ಲಿಕ್ಕೆ ನಾನು ಬೆಳ್ತಂಗಡಿವರೆಗೆ ಬಂದವ. ಈ ಸನ್ನೆ ಅಂದ್ರೆ ಎಂಥದು? ನೀವು ಹೇಳಿದ್ದನ್ನು ನಾನು ಒಪ್ಪುತ್ತೇನೆ."

ತಾಳಮದ್ದಳೆಯೆಂದರೆ ವೇಷವಿಲ್ಲದೆ ಕುಣಿತವಿಲ್ಲದೆ ಬರಿಯ ಮಾತಿನಲ್ಲೇ ಪ್ರಸಂಗ ನಡೆಸುವ ಆಟ. ಅದರಲ್ಲಿ ಅರ್ಥ ಹೇಳುವವನಿಗೆ ಒಂದು ಪದ ಎತ್ತಿಕೊಟ್ಟು 'ಒಪ್ಪುತ್ತೇನೆ' ಎಂದು ಮುಂದೆ ನಿಂತರೆ ಅವನನ್ನು ಹಿಡಿಯುವವರಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ. ಸನ್ನೆ ಎಂಬುದು ಸಂಸ್ಕೃತದ ಸಂಜ್ಞೆಯಿಂದ ಬಂದ ತದ್ಭವ ಎಂದೆ. ಶೆಟ್ಟರು ತಲೆಯಾಡಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಲೋಕಕ್ಕೆ ಕ್ಷೇಮವಿತ್ತು. ಸಂಜ್ಞೆಯೆಂದರೆ ಮಾತಿಲ್ಲದೆ ಮನಸ್ಸನ್ನು ತಿಳಿಸುವುದು, ಅದರಲ್ಲಿ ಕಣ್ಸನ್ನೆ, ಕೈಸನ್ನೆ, ಹುಬ್ಬಿನ ಸನ್ನೆ ಎಂದು ಬಗೆಗಳಿವೆ ಎಂದೆ. ನಮ್ಮ ಹಳೆಯ ಕಾವ್ಯಗಳಲ್ಲಿ ನಾಯಿಕೆಯು ಗುರುಹಿರಿಯರ ನಡುವೆ ಕೂತಿದ್ದೂ ಹಿರಿಯರಿಗೆ ಗೊತ್ತಾಗದಂತೆ ದೂರದಲ್ಲಿರುವ ನಾಯಕನಿಗೆ ಸಂಕೇತಸ್ಥಳವನ್ನು ತಿಳಿಸುವ ಚಾತುರ್ಯವನ್ನು ವರ್ಣಿಸಿದೆ. ಆ ಸೊಬಗಿಗೆ ನಾನೇ ಮೈಮರೆತೆ. ವಿಜ್ಞಾನದಲ್ಲಿ ಇದೇ ಪದಕ್ಕೆ ಬೇರೆ ಅರ್ಥವೂ ಉಂಟು ಎಂಬಲ್ಲಿಗೆ ಬರಬೇಕೆಂದು ಖಂಡಿತ ಮನಸ್ಸಿನಲ್ಲಿತ್ತು. ಆದರೆ ಪೀಠಿಕೆ ಮುಗಿಯದೆ ಪ್ರಸಂಗಕ್ಕೆ ಬರುವುದು ನಮ್ಮ ಸಂಪ್ರದಾಯವಲ್ಲ.

"ಸಾಕು ಪಂಡಿತರೇ" ಎಂದರು ಶೆಟ್ಟರು. ಅವರ ಮುಖ ಎಲೆಯಡಿಕೆಗಿಂತ ಕೆಂಪಾಗಿತ್ತು. "ಅಂದ್ರೆ ಹಿರಿಯರಿಗೆ ಗೊತ್ತಾಗದ ಹಾಗೆ ಮಾಡುವಂಥದು. ಅದನ್ನು ಶಾಲೆಯಲ್ಲಿ ಕಲಿಸುವುದು. ಅದರಲ್ಲೂ ಮೂರು ವರ್ಗ ಬೇರೆ! ಹೆಡ್‌ಮಾಷ್ಟ್ರೇ, ಟೀಸಿ ಬರೀರಿ." ಹೆಡ್‌ಮಾಷ್ಟ್ರು ಲೇಖನಿ ಹುಡುಕತೊಡಗಿದರು. ಲೇಖನಿ ಅವರ ಕಿವಿಯ ಮೇಲೇ ಇತ್ತು. ಪಾಪ, ಅವರು ಆದಷ್ಟು ತಡಮಾಡುತ್ತಿದ್ದರು. ಕುಸುಮ ಅಳುತ್ತಿರಲಿಲ್ಲ. ಗಾಜಿನ ಬೀರುವಿನೊಳಗಿನ ಪಟ್ಟಕವನ್ನು ನೋಡುತ್ತ ನಿಂತಿದ್ದಳು, ಇನ್ನೊಮ್ಮೆ ನೋಡಲು ಸಿಗುವುದಿಲ್ಲವೆಂಬ ಹಾಗೆ.

ವಸಂತಿ ಮಾತ್ರ ಗಾಬರಿಯಾಗಲಿಲ್ಲ. "ಶೆಟ್ರೇ, ಟೀಸಿ ಬರೆಯಲಿ. ಬರೆದು ಆಗುವವರೆಗೆ ನಿಮ್ಮ ಅಡಕೆಕತ್ತರಿ ಸ್ವಲ್ಪ ಕೊಡ್ತೀರಾ?" ಎಂದಳು. ಎಲೆಯಡಿಕೆ ತಿನ್ನುವವನ ಹತ್ತಿರ ಅಡಕೆಕತ್ತರಿ ಕೇಳಿದರೆ ಎಂಥ ಸಿಟ್ಟಿನಲ್ಲೂ ಇಲ್ಲ ಎನ್ನುವುದಿಲ್ಲ. ಶೆಟ್ಟರು ಸಂಚಿಯಿಂದ ತೆಗೆದುಕೊಟ್ಟರು. ಅವಳು ಅದರ ಬಾಯಿಗೆ ಒಂದು ಅಡಕೆ ಇಟ್ಟಳು. "ಹಲ್ಲಿನಿಂದ ಕಚ್ಚಿದರೆ ಹಲ್ಲೇ ಹೋಗುವಂಥ ಅಡಕೆ ಇದು. ಇದರಲ್ಲಿ ಎರಡು ಬೆರಳಲ್ಲಿ ಒತ್ತಿದರೆ ಕಟ್ ಅಂತ ಒಡೆಯುತ್ತದೆ. ಇಲ್ಲಿ ತುದಿಯಲ್ಲಿ ಕೀಲು, ಅದು ಆಧಾರ. ಈಚೆ ತುದಿಯಲ್ಲಿ ನಿಮ್ಮ ಕೈ, ಅದು ಬಲ. ನಡುವೆ ಅಡಕೆ, ಅದು ಭಾರ. ನಡುವೆ ಭಾರ ಬಂದ ಕಾರಣ ಇದಕ್ಕೆ ಪುಸ್ತಕದಲ್ಲಿ ಎರಡನೆಯ ವರ್ಗದ ಸನ್ನೆ ಅಂತ ಹೆಸರು. ನೀವು ದಿನಕ್ಕೆ ಎಷ್ಟು ಸಲ ಸನ್ನೆ ಮಾಡ್ತೀರಿ ಅಂತ ನಾನು ಲೆಕ್ಕ ಕೇಳುವುದಿಲ್ಲ ಶೆಟ್ರೇ." ಹೆಡ್‌ಮಾಷ್ಟ್ರು ಕೆಮ್ಮಿದರು. ಶೆಟ್ಟರು ತಮ್ಮ ಕತ್ತರಿಯನ್ನು ಹಿಂದಕ್ಕೆ ಇಸಕೊಂಡು, ಅದನ್ನು ಮೊದಲ ಸಲ ನೋಡುವವರಂತೆ ತಿರುಗಿಸಿ ತಿರುಗಿಸಿ ನೋಡಿದರು. "ಇದು ಸನ್ನೆಯಾ?" ಎಂದರು. "ಗಾಳ ಹಾಕುವ ಕೋಲು ಮೂರನೆಯ ವರ್ಗ, ಮಾವ" ಎಂದು ಹಿಂದಿನಿಂದ ಸಣ್ಣ ದನಿ ಬಂತು. ಪಾಠ ಕೇಳದ ಹುಡುಗಿ ಒಂದು ಅಡಕೆಕತ್ತರಿ ನೋಡಿ ಮುಂದಿನದ್ದನ್ನು ತಾನೇ ಊಹಿಸಿಬಿಟ್ಟಿದ್ದಳು. "ಬುಡ ಇಲ್ಲಿ, ಮೀನು ಅಲ್ಲಿ, ಕೈ ನಡುವೆ. ಅಲ್ಲವಾ ಟೀಚರ್?" ವಸಂತಿಯ ಮುಖವನ್ನು ಆಗ ನೀವು ನೋಡಬೇಕಿತ್ತು. ಮದುವೆಯ ದಿನ ಕೂಡ ಅವಳ ಮುಖದಲ್ಲಿ ಅಷ್ಟು ಸಂತೋಷ ನಾನು ನೋಡಿಲ್ಲ.

"ಹಾಗಾದ್ರೆ ಒಂದನೆಯ ವರ್ಗ ಯಾವುದು?" ಎಂದರು ಶೆಟ್ಟರು. ಅವರ ದನಿಯಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಅದರ ಪಕ್ಕದಲ್ಲಿ ಇನ್ನೇನೋ ಬಂದು ಕೂತಿತ್ತು. "ಹೊರಗೆ ಬನ್ನಿ" ಎಂದಳು ವಸಂತಿ. ಶಾಲೆಯ ಅಂಗಳದಲ್ಲಿ ಹೊಸ ಬೆಂಚು ಮಾಡಿಸಲು ತಂದ ಹೆಬ್ಬಲಸಿನ ಉದ್ದನೆಯ ದಪ್ಪ ಹಲಗೆಯೊಂದು ಬಿದ್ದಿತ್ತು. ಮಕ್ಕಳು ಅದರ ಅಡಿಗೆ ನಡುಮಧ್ಯದಲ್ಲಿ ಒಂದು ಮುರಕಲ್ಲು ಇಟ್ಟರು. ಈಗ ಎತ್ತಲು ಒಂದು ಭಾರ ಬೇಕು. ವಸಂತಿ ಸುತ್ತಲೂ ನೋಡಿದಳು. ಶೆಟ್ಟರು ಶಾಲು ಸರಿಮಾಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಹೆಡ್‌ಮಾಷ್ಟ್ರು ಕಡ್ಡಿಯಂಥವರು, ಅವರಿಂದ ಯಾವ ಸಿದ್ಧಾಂತವೂ ಸಾಬೀತಾಗುತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನನ್ನ ತೂಕವನ್ನು ನಾನು ಹೇಳುವುದಕ್ಕಿಂತ ಊರವರೇ ಚೆನ್ನಾಗಿ ಹೇಳಿದ್ದಾರೆ. ನಾನು ಬಸ್ಸು ಹತ್ತಿದರೆ ಕಂಡಕ್ಟರು, "ಎರಡು ಮುಡಿ ಅಕ್ಕಿ ಬಂತು, ರೈಟ್" ಎನ್ನುತ್ತಿದ್ದ.

ನಾನು ಹಲಗೆಯ ಒಂದು ತುದಿಯಲ್ಲಿ ಕೂತೆ. "ಪಂಡಿತರ ಕಾಲು ನೆಲಕ್ಕೆ ತಾಗ್ತಾ ಉಂಟು, ಟೀಚರ್" ಎಂದು ಒಬ್ಬ ಹುಡುಗ ದೂರು ಕೊಟ್ಟ. ವ್ಯಾಕರಣದಲ್ಲಿ ಎಂದೂ ಇಷ್ಟು ಸೂಕ್ಷ್ಮವಾಗಿ ತಪ್ಪು ಹುಡುಕಿದವನಲ್ಲ ಅವನು. ಕಾಲು ಮಡಚಿ ಪದ್ಮಾಸನ ಹಾಕಿದೆ. ಇನ್ನೊಂದು ತುದಿ ಮೇಲೆ ಎದ್ದು ನಿಂತಿತ್ತು. ಕುಸುಮ ಅದಕ್ಕೆ ಎರಡೂ ಕೈ ಕೊಟ್ಟು ಜಗ್ಗಿದಳು, ಜೋತುಬಿದ್ದಳು, ಕಾಲು ನೆಲಬಿಟ್ಟು ತೂಗಾಡಿದಳು. ನಾನು ಬೆಟ್ಟದಂತೆ ಕದಲದೆ ಕೂತಿದ್ದೆ. ನಾಚಿಕೆಯಾಗಬೇಕಾದ ಜಾಗದಲ್ಲಿ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು ಎಂದರೆ ನೀವು ನಂಬಬೇಕು. "ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು" ಎಂದರು ಶೆಟ್ಟರು. "ಹೆಣ್ಣುಹುಡುಗಿ, ಅದೂ ಇಷ್ಟು ಸಣಕಲು. ಬನ್ನಿ, ಸಾಕು, ಹೋಗುವ." ನಾನು ವಸಂತಿಯ ಕಡೆ ನೋಡಿದೆ. ಹೀ‌ಗೆ ಮಾಡು, ಹಾಗೆ ಮಾಡು ಎಂದು ಒಂದು ಮಾತು ಹೇಳಿದರೆ ಕೆಲಸ ಮುಗಿಯುತ್ತಿತ್ತು. ಅವಳು ಹೇಳಲಿಲ್ಲ. "ಈಗ ಎಂತ ಮಾಡುವ, ಕುಸುಮ?" ಎಂದು ಕೇಳಿ ಕೈಕಟ್ಟಿ ನಿಂತಳು. ಅಷ್ಟೆಲ್ಲ ಪಣಕ್ಕಿಟ್ಟು ಕೂಡ ಉತ್ತರವನ್ನು ಮಗುವಿನ ಬಾಯಿಂದ ಕಸಿದುಕೊಳ್ಳದೆ ಕಾದು ನಿಲ್ಲಲು ಎಂಥ ಎದೆ ಬೇಕೆಂದು, ಉತ್ತರವನ್ನು ನಾನೇ ಹೇಳಿ ನಾನೇ ಮೆಚ್ಚಿಕೊಳ್ಳುವ ಪಂಡಿತನಾದ ನನಗೆ ಆ ಕ್ಷಣ ಗೊತ್ತಾಯಿತು.

ಕುಸುಮ ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ಕಲ್ಲನ್ನು ನೋಡಿದಳು. "ಪಂಡಿತರು ಸ್ವಲ್ಪ ಇಳೀಬೇಕು" ಎಂದಳು. ಇಳಿದೆ. ಅವಳು ಕಲ್ಲನ್ನು ಉರುಳಿಸಿಕೊಂಡು ಬಂದು ನಾನು ಕೂರುವ ತುದಿಯ ಹತ್ತಿರ ಇಟ್ಟಳು. "ಈಗ ಕೂರಬೇಕು" ಎಂದಳು. ಕೂತೆ. ಆಚೆ ತುದಿ ಅವಳ ತಲೆಗಿಂತ ಎತ್ತರಕ್ಕೆ ಹೋಯಿತು. ಅವಳು ಹಾರಿ ಹಿಡಿದು ತನ್ನ ಭಾರ ಬಿಟ್ಟಳು. ನಾನು ಮೇಲೆದ್ದೆ! ನಿಜವಾಗಿ ಅಳೆದರೆ ಗೇಣುದ್ದಕ್ಕಿಂತ ಹೆಚ್ಚು ಏರಿರಲಿಕ್ಕಿಲ್ಲ. ಆದರೆ ಪದ್ಮಾಸನದಲ್ಲಿ ಕೂತು ಆಧಾರವಿಲ್ಲದೆ ತೂಗುತ್ತಿದ್ದ ನನಗೆ ಗಡಾಯಿಕಲ್ಲು ಬೆಟ್ಟದ ತುದಿಯಲ್ಲಿ ಇಟ್ಟ ಹಾಗಾಯಿತು. ಮಕ್ಕಳ ಬೊಬ್ಬೆಗೆ ಪೇಟೆಯಲ್ಲಿ ನಿಂತಿದ್ದ ಬಸ್ಸಿನಿಂದ ಜನ ಇಳಿದು ಬಂದರು. ಶೆಟ್ಟರ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಆಯಿತಲ್ಲ, ಇನ್ನು ಇಳಿಸು ಮಗಾ" ಎಂದೆ ನಾನು. ಅವಳು ಇಳಿಸಲಿಲ್ಲ. ಹಲಗೆಯ ತುದಿಯನ್ನು ಹೊಟ್ಟೆಯಡಿ ಒತ್ತಿಹಿಡಿದು ಮಾವನ ಕಡೆ ತಿರುಗಿದಳು. "ಮಾವ, ನಾನು ನಾಳೆಯಿಂದ ಶಾಲೆಗೆ ಬರಬಹುದಾ?" ಎಂದು ಕೇಳಿದಳು. ಶೆಟ್ಟರು ಕೂಡಲೇ ಮಾತಾಡಲಿಲ್ಲ. ಅವರು ಮಾತಾಡದಷ್ಟು ಹೊತ್ತೂ ನಾನು ಅಂತರಿಕ್ಷದಲ್ಲಿದ್ದೆ. ಹಲಗೆ ಕಿರ್ ಎಂದಿತು. "ಶೆಟ್ರೇ, ಬೇಗ ಏನಾದ್ರೂ ಹೇಳಿ ಮಾರಾಯ್ರೇ!" ಎಂದು ನಾನು ಕೂಗಿದೆ. ಪೀಠಿಕೆಯಿಲ್ಲದೆ, ತದ್ಭವವಿಲ್ಲದೆ, ನಾಯಿಕೆಯಿಲ್ಲದೆ ನಾನು ಆಡಿದ ಮೊದಲ ಮಾತು ಅದು. ಆ ದಿನ ಶೆಟ್ಟರಿಗೆ ನಾಟಿದ ನನ್ನ ಮಾತೂ ಅದೊಂದೇ. ಅವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಬರಬಹುದು, ಬರಬಹುದು. ಮೊದಲು ಅವರನ್ನು ಮೆಲ್ಲ ಇಳಿಸು, ಬೀಳಿಸಬೇಡ" ಎಂದರು. ನಗು ನಿಂತ ಮೇಲೆ ವಸಂತಿಯ ಹತ್ತಿರ ಬಂದು, "ಇವಳು ನನ್ನ ಮನೆಯಲ್ಲಿ ಇಷ್ಟು ದಿನ ಇದ್ದಾಳೆ ಟೀಚರ್. ಇಷ್ಟು ತಲೆ ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ" ಎಂದರು. ಆ ಮಾತು ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ನಗುವಿನಿಂದಲೇ ಎಂದು ಅವರು ಶಾಲಿನಿಂದ ಒರೆಸಿಕೊಂಡರು. ಹೆಡ್‌ಮಾಷ್ಟ್ರು ಆ ಸಂಭ್ರಮದಲ್ಲಿ ತಮಗೇ ತಿಳಿಯದೆ ಜನಿವಾರದಿಂದ ಬೀಗದ ಕೈ ಬಿಚ್ಚಿ ವಸಂತಿಯ ಕೈಗೆ ಕೊಟ್ಟರು. ಮರುದಿನ ಹಿಂದಕ್ಕೆ ಕೇಳಿದರು ಎನ್ನಿ. ಅಷ್ಟರಲ್ಲಿ ಪಟ್ಟಕ ಎಂಟನೆಯ ತರಗತಿಯ ಕಿಟಕಿಯಲ್ಲಿ ಕೂತು ಗೋಡೆ ತುಂಬ ಬಣ್ಣ ಚೆಲ್ಲುತ್ತಿತ್ತು.

ಸಂಜೆ ಇಬ್ಬರೂ ಮನೆಯ ಕಡೆ ನಡೆದೆವು. ನನ್ನ ಸೊಂಟ ಹಿಡಿದಿತ್ತು. ಮನಸ್ಸು ಮಾತ್ರ ಹಗುರಾಗಿತ್ತು. ಅವಳನ್ನು ಹೊಗಳಬೇಕೆಂದು ಬಹಳ ಅನಿಸಿತು. ಗಂಡಂದಿರಿಗೆ ಅದು ಬರುವುದಿಲ್ಲ, ಹೊಗಳಲು ಹೊರಟರೂ ತಕರಾರಿನ ರಾಗದಲ್ಲೇ ಬರುತ್ತದೆ. "ಎಲ್ಲ ಚೆನ್ನಾಗಿ ಆಯಿತು, ನೀನು ದೊಡ್ಡವಳು" ಎಂದೆ. "ಆದರೆ ಹೆಡ್‌ಮಾಷ್ಟ್ರ ಕೋಣೆಯಲ್ಲಿ ನಾನು ಹಾದಿ ತಪ್ಪಿ ಹೋಗುತ್ತಿದ್ದೇನೆಂದು ನಿನಗೆ ಗೊತ್ತಾಗಲಿಲ್ಲವಾ? ಗಂಡ ಮುಳುಗುವಾಗ ಸುಮ್ಮನೆ ನೋಡಿಕೊಂಡು ನಿಲ್ಲುವುದಾ? ಒಂದು ಸೂಚನೆ ಕೊಡಬಾರದಿತ್ತಾ?"

ಅವಳು ದಾರಿಯಲ್ಲೇ ನಿಂತುಬಿಟ್ಟಳು. "ಕೊಡಲಿಲ್ಲವಾ ನಾನು?" ಎಂದಳು. "ನೀವು ಸಂಜ್ಞೆ ಅಂತ ಶುರುಮಾಡಿದ ಲಾಗಾಯ್ತು ನಿಮ್ಮ ಎದುರೇ ನಿಂತು ಸುಮ್ಮನಿರಿ, ಸುಮ್ಮನಿರಿ ಅಂತ ಕಣ್ಣಲ್ಲಿ ಸನ್ನೆ ಮಾಡಿದ್ದೇ ಮಾಡಿದ್ದು. ಕಣ್ಣು ನೋಯ್ತಾ ಉಂಟು ಇನ್ನೂ. ಹೆಡ್‌ಮಾಷ್ಟ್ರಿಗೆ ಗೊತ್ತಾಯ್ತು, ಕುಸುಮನಿಗೆ ಗೊತ್ತಾಯ್ತು. ಶೆಟ್ರು ಕೂಡ ನೋಡಿದ್ರು. ನೀವು ಹೇಳುವ ನಾಯಿಕೆ ಇವಳೇ ಅಂತ ಅವರಿಗೆ ಮತ್ತಷ್ಟು ಸಿಟ್ಟು ಬಂದದ್ದು ಅದಕ್ಕೇ. ಗೊತ್ತಾಗದೆ ಉಳಿದದ್ದು ನಿಮಗೊಬ್ಬರಿಗೇ."

ಕಣ್ಸನ್ನೆಯ ಚಾತುರ್ಯವನ್ನು ಅಷ್ಟು ಹೊತ್ತು ವರ್ಣಿಸಿದವನಿಗೆ ಮೂರು ಮೊಳ ದೂರದಲ್ಲಿ ನಿಂತ ಸ್ವಂತ ಹೆಂಡತಿಯ ಕಣ್ಣು ಓದಲು ಬರಲಿಲ್ಲ. ಪಾಠ ಕೇಳಿದ್ದೇನೆಂದಾದರೂ ಅವಳಿಗೆ ಗೊತ್ತಾಗಲಿ ಎಂದು, "ಅದು ಯಾವ ವರ್ಗದ ಸನ್ನೆ?" ಎಂದು ಕೇಳಿದೆ.

"ಯಾವ ವರ್ಗದ್ದಾದರೂ ಆಗಲಿ" ಎಂದಳು ವಸಂತಿ, ಮತ್ತೆ ನಡೆಯುತ್ತ, "ಭಾರ ಕದಲದಿದ್ದರೆ ಸನ್ನೆ ಎಂತ ಮಾಡ್ತದೆ?"